ಮಂಡಿಯ ವಿಳಾಸ

ದರ್ಜಿ ತಾತ ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿನ ಮಂಚದ ಮೇಲೆ ಕಾಲು ಚಾಚಿದರು. ಶಸ್ತ್ರಚಿಕಿತ್ಸೆಯಾದ ಮಂಡಿ ಇಷ್ಟರಲ್ಲಿ ಲಂಬಕೋನಕ್ಕೆ ಮಡಚಬೇಕಿತ್ತು. ಅರ್ಧದಲ್ಲೇ ನಿಂತಿತು.

"ಮನೇಲಿ ವ್ಯಾಯಾಮ ಮಾಡ್ತಿದ್ದೀರಾ, ತಾತ?"

"ದಿನಾ ಮಾಡ್ತೀನಮ್ಮ. ನೀವು ಕೊಟ್ಟ ಚೀಟಿಗೆ ಫೋನ್ ಹಿಡಿದ್ರೆ ವಿಡಿಯೊ ಬರುತ್ತಲ್ಲ, ಅದನ್ನ ನೋಡ್ಕೊಂಡೇ. ಆದ್ರೆ ಕತ್ತು ತಿರುಗಿಸಿದ್ರೆ ಮಂಡಿ ಹೆಂಗೆ ಮಡಚುತ್ತೆ ಅಂತ ಮಾತ್ರ ತಿಳೀಲಿಲ್ಲ. ಓದಿದೋರು, ಏನೋ ಲೆಕ್ಕ ಇರುತ್ತೆ ಅಂದ್ಕೊಂಡೆ."

ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಮಂಡಿ ಬಿಗಿದುಕೊಂಡು, ಅವರು ಹೊಲಿಗೆ ಯಂತ್ರದ ಪೆಡಲ್ ತುಳಿಯುವುದು ಅಲ್ಲಿಗೆ ಮುಗಿಯುತ್ತಿತ್ತು. ಸರಿಯಾದ ವ್ಯಾಯಾಮವನ್ನು ಅಲ್ಲೇ ಕೈಹಿಡಿದು ಕಲಿಸಿ ಕಳಿಸಿದೆ. ಆದರೆ ಅದೇ ಚೀಟಿ ಇನ್ನೆಷ್ಟೋ ಮನೆಗಳಲ್ಲಿತ್ತು.

ಕ್ಲಿನಿಕ್ಕಿನ ಜಾಲತಾಣದಲ್ಲಿ ಒಂದೇ ಪುಟದಲ್ಲಿದ್ದ ವಿಡಿಯೊಗಳನ್ನು ಈಚೆಗೆ ಬೇರೆ ಬೇರೆ ಪುಟಗಳಿಗೆ ಹಂಚಿದ್ದು ನಾನೇ. ಚೀಟಿಯ ಕ್ಯೂಆರ್ ಕೋಡಿನೊಳಗಿನ ವಿಳಾಸದ ಕೊನೆಗೆ ಹ್ಯಾಶ್ (#) ಗುರುತು, ಅದರ ಮುಂದೆ 'ಮಂಡಿ' ಎಂದಿತ್ತು. ಅದನ್ನು ಓದಿ ಸರಿಯಾದ ಪುಟಕ್ಕೆ ಕಳಿಸುವ ಕೆಲಸವನ್ನು ಸರ್ವರಿಗೆ ಒಪ್ಪಿಸಿದ್ದೆ. ಅದು ನಡೆಯದೆ ಎಲ್ಲರೂ ಮೊದಲ ಪುಟಕ್ಕೆ, ಅಂದರೆ ಕತ್ತಿನ ವ್ಯಾಯಾಮಕ್ಕೇ ಹೋಗುತ್ತಿದ್ದರು.

ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವ ನಾದಿನಿಗೆ ಫೋನ್ ಮಾಡಿದೆ. ಪಾಠ ಮುಗಿಸಿ ನೇರ ಕ್ಲಿನಿಕ್ಕಿಗೇ ಬಂದಳು.

"ಅತ್ತಿಗೆ, ಹ್ಯಾಶ್ ಮುಂದಿನ ತುಂಡು ಸರ್ವರಿಗೆ ಹೋಗೋದೇ ಇಲ್ಲ. ಬ್ರೌಸರ್ ಅದನ್ನ ತನ್ನ ಹತ್ರಾನೇ ಇಟ್ಕೊಳ್ಳುತ್ತೆ. ಇಲ್ಲದೋರನ್ನ ಕೇಳಿದ್ರೆ ಎಲ್ಲಿಂದ ಕೊಡ್ತಾರೆ?"

"ಹಾಗಾದ್ರೆ ಪುಟದಲ್ಲೇ ಸ್ಕ್ರಿಪ್ಟ್ ಬರೆದು ವಿಳಾಸಾನ ಕತ್ತರಿಸಿ ಆ ತುಂಡು ತೆಗೀತೀನಿ."

"ನಿಮಗ್ಯಾಕೆ ಕತ್ತರಿ? ತಾಣದ ಹೆಸರು, ದಾರಿ, ಹ್ಯಾಶ್, ಎಲ್ಲ ಬ್ರೌಸರೇ ಬಿಡಿಸಿಟ್ಟಿರುತ್ತೆ. ಬೇಕಾದ್ದು ಎತ್ಕೊಳ್ಳಿ."

ಎತ್ತಿಕೊಂಡೆ. ಆದರೂ ಕತ್ತೇ ಬಂತು! ಕೈಗೆ ಬಂದ ತುಂಡನ್ನು ಪರದೆಗೆ ತಂದು ನೋಡಿದರೆ 'ಮಂಡಿ' ಎಲ್ಲಿ? ಬರೀ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ರಾಶಿ. ವಿಳಾಸದೊಳಗೆ ಕನ್ನಡ ಆ ವೇಷದಲ್ಲೇ ಓಡಾಡುವುದಂತೆ. ನಾದಿನಿ ನಗುತ್ತಾ ವೇಷ ಕಳಚುವ ಒಂದು ಸಾಲು ಸೇರಿಸಿ, ಪದದ ಮೊದಲಿಗೆ ಅಂಟಿದ್ದ ಹ್ಯಾಶ್ ಗುರುತನ್ನೂ ತೆಗೆದಳು. ಮಂಡಿಯ ಪುಟ ತೆರೆಯಿತು. ಮನೆಮನೆಯಲ್ಲಿದ್ದ ಹಳೆಯ ಚೀಟಿಗಳೂ ಇನ್ನು ಸರಿಯಾದ ಪುಟಕ್ಕೇ ಹೋಗುತ್ತಿದ್ದವು.

ಮುಂದಿನ ವಾರ ತಾತ ಮಂಡಿ ಮಡಚಿದರು. ಕೋನಮಾಪಕ ಹಿಡಿದು ನೋಡಿದೆ: ಲಂಬಕೋನಕ್ಕೆ ಕೂದಲೆಳೆಯಷ್ಟು ಕಡಿಮೆ.

"ಯಂತ್ರ ತುಳೀಬಹುದಾ?"

"ಇನ್ನೊಂದು ವಾರ ಬಿಟ್ಟು, ಮೆತ್ತಗೆ. ತಾತ, ಅವತ್ತು ಕತ್ತಿನ ವಿಷಯ ನೀವು ಹೇಳದೇ ಇದ್ದಿದ್ರೆ ನನಗೆ ತಿಳೀತಾನೇ ಇರ್ಲಿಲ್ಲ. ನಿಮ್ಮಿಂದ ತುಂಬ ಉಪಕಾರ ಆಯ್ತು."

"ಅಯ್ಯೋ, ಕಾಲು ನಂದಮ್ಮ. ನಾನು ಹೇಳ್ದೆ ಇನ್ಯಾರು ಹೇಳ್ತಾರೆ?"

ಅವರು ನಿಧಾನವಾಗಿ ಮೆಟ್ಟಿಲಿಳಿಯುವುದನ್ನು ನೋಡುತ್ತಾ ಮಂಡಿ ಮಡಚಿದ ಸುದ್ದಿ ಹೇಳಲು ನಾದಿನಿಗೆ ಫೋನ್ ಹಚ್ಚಿದೆ.