ಕಲ್ಲಿನಡಿಯ ಹದಿನಾರು ಪುಟ

"ಹಡಗು ಬಂತಲ್ರೀ! ಅದು ಹೆಂಗ್ರೀ ಬರುತ್ತೆ?" ಎಂದು ಮೇಷ್ಟ್ರು ಕೂಗಿದ ರಭಸಕ್ಕೆ ಎದುರಿನ ಔಷಧಿ ಅಂಗಡಿಯವನೂ ಕತ್ತು ಹೊರಗೆ ಹಾಕಿ ನೋಡಿದ.

ಬೈಂಡರನ ಅಂಗಡಿಯ ಉದ್ದ ಮೇಜಿನ ಮೇಲೆ, ಅಂಟಿನ ಡಬ್ಬಿಗೆ ಒರಗಿಕೊಂಡು ಟೈಲರನ ಫೋನು ನಿಂತಿತ್ತು. ಅದರ ಮುಂದೆ ಮೂರು ತಲೆಗಳು: ನಿವೃತ್ತ ಗಣಿತ ಮೇಷ್ಟ್ರದು, ಟೈಲರನದು, ಬೈಂಡರನ ಅಕ್ಕನದು. ಹೊಸ ಸಿನಿಮಾದ ಟ್ರೇಲರ್ ಅಂದು ಬೆಳಿಗ್ಗೆಯಷ್ಟೇ ಬಂದಿತ್ತು. ಎರಡು ನಿಮಿಷದ್ದನ್ನು ಆಗಲೇ ನಾಲ್ಕು ಸಲ ನೋಡಿದ್ದರು. ನಾಲ್ಕು ಸಲವೂ ಕೊನೆಯಲ್ಲಿ ಅದೇ. ಕಪ್ಪು ಆಕಾಶದಲ್ಲಿ ಒಂದು ಚುಕ್ಕೆ, ಚುಕ್ಕೆ ಬೆಳೆದು ಹಡಗು, ಹಡಗಿನ ಬಾಗಿಲು ತೆರೆದು ಮೆಟ್ಟಿಲ ಮೇಲೆ ಗಂಡಸಿನ ಬೂಟುಗಾಲು.

"ಜನ ಚಪ್ಪಾಳೆ ಹೊಡೀಲಿ ಅಂತ ಕಥೇನೇ ಕೊಂದುಹಾಕಿದ್ರು" ಎಂದ ಟೈಲರ್. ಅವನ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. ಸಿನಿಮಾದ ಮೊದಲ ದಿನಕ್ಕೆಂದು ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿದು, ಜೇಬಿನ ಮೇಲೆ ಆರಿದ ದೀಪವೊಂದನ್ನು ಕಸೂತಿ ಹಾಕಿ ಇಟ್ಟವನು ಅವನು.

ಬೀದಿಯವರು ಇವರನ್ನು ಗಗನದವರು ಎಂದು ಕರೆಯುತ್ತಿದ್ದರು. ಕರೆದು ನಗುತ್ತಲೂ ಇದ್ದರು. ಕಾರಣ ಒಂದೇ ಒಂದು ಕಾದಂಬರಿ, ಈಗ ಸಿನಿಮಾ ಆಗಿರುವುದೂ ಅದೇ. ಎಲ್ಲೋ ದೂರದ ಬರಡು ಚಂದ್ರನ ಮೇಲೆ ಒಬ್ಬಳೇ ಹೆಂಗಸು ದೀಪಗೋಪುರ ಕಾಯುತ್ತಾಳೆ. ಅವಳ ಪ್ರೀತಿಯವನು ಹತ್ತಿ ಹೋದ ಹಡಗಿಗೆ ವಾಪಸು ಬರಲು ಆ ದೀಪವೊಂದೇ ಗುರುತು. ಏಳು ವರ್ಷ ಕಾಯುತ್ತಾಳೆ. ಕೊನೆಗೆ ಒಂದು ದಿನ ಗೋಪುರ ಹತ್ತುತ್ತಾಳೆ. "ಅವಳು ದೀಪ ಆರಿಸಿದಳು" ಎಂಬ ಸಾಲಿಗೆ ಮುನ್ನೂರ ನಾಲ್ಕನೆಯ ಪುಟ ಮುಗಿಯುತ್ತದೆ, ಪುಸ್ತಕವೂ ಮುಗಿಯುತ್ತದೆ. ಅನುವಾದ ಅಚ್ಚಾದದ್ದು ಒಂದೇ ಸಲ, ಅಚ್ಚು ಹಾಕಿದ ಮುದ್ರಣಾಲಯ ಎಂದೋ ಮುಚ್ಚಿಹೋಗಿತ್ತು. ಮೂಲ ಭಾಷೆ ಇವರಲ್ಲಿ ಯಾರಿಗೂ ಬಾರದು. ಊರಿನ ಲೈಬ್ರರಿಯಲ್ಲಿದ್ದ ಒಂದೇ ಪ್ರತಿಯನ್ನು ಸರದಿಯಲ್ಲಿ ಓದಿ, ಲೈಬ್ರರಿ ಹಳೆಯದನ್ನೆಲ್ಲ ಹೊರಹಾಕಿದಾಗ ಮಗುವನ್ನು ಎತ್ತಿಕೊಂಡು ಬಂದ ಹಾಗೆ ತಂದು ಬೈಂಡರನ ಗಾಜಿನ ಬೀರುವಿನಲ್ಲಿ ಇಟ್ಟಿದ್ದರು. ತಿಂಗಳ ಮೊದಲ ಭಾನುವಾರ ಸೇರಿದಾಗ ಯಾರಾದರೊಬ್ಬರು ನಿಂತುಕೊಂಡು ಕೊನೆಯ ಪುಟ ಓದಬೇಕು. ಹೊರಡುವಾಗ ಶಟರ್ ಎಳೆಯುವವನು "ಅವಳು ದೀಪ ಆರಿಸಿದಳು" ಎನ್ನಬೇಕು. ಉಳಿದವರಿಗೆ ಇದು ಹುಚ್ಚಾಟ, ಇವರಿಗೆ ಇದಿಲ್ಲದೆ ಭಾನುವಾರವೇ ಅಲ್ಲ.

"ನನ್ನ ಮೊಮ್ಮಗಳು ಹೇಳ್ತಿದ್ಲು, ಮೂಲದಲ್ಲೇ ಹಡಗು ಬರುತ್ತಂತೆ" ಎಂದು ಟೈಲರ್ ಅಳುಕುತ್ತಲೇ ಅಂದ.

"ಫೋನಲ್ಲಿ ಓದಿದ್ದಾ? ಫೋನಲ್ಲಿ ಎರಡೂ ಎರಡೂ ಐದು ಅಂತಾನೂ ಬರೆದಿರ್ತಾರೆ" ಎಂದು ಮೇಷ್ಟ್ರು ಅವನ ಬಾಯಿ ಮುಚ್ಚಿಸಿದರು. "ಪುಸ್ತಕ ಇದೆ ನಮ್ಮ ಹತ್ರ, ಕಣ್ಣೆದುರಿಗೇ ಇದೆ. ಪೇಪರಿಗೆ ಒಂದು ಪತ್ರ ಬರೆಯೋಣ. ಕೊನೇ ಪುಟದ ಫೋಟೋ ಜೊತೆಗಿಟ್ಟು ಕಳಿಸೋಣ. ಬರೆಯೋದು ಅಕ್ಕನೇ ಆಗಬೇಕು. ಏನಂತೀರಿ ಬೈಂಡರೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಬೈಂಡರನ ಕಣ್ಣು ತಾನಾಗಿ ಮೇಜಿನ ಕೆಳಗಿನ ಖಾನೆಯ ಕಡೆ ಹೋಗಿ ಬಂತು.

"ಬರೀತೀನಿ" ಎಂದಳು ಅಕ್ಕ. ಅವಳು ಕೂಗಾಡಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. "ಚೆನ್ನಾಗೇ ಬರೀತೀನಿ. ಆ ಹೆಂಗಸು ಆರಿಸಿದ್ದಕ್ಕೇ ಅದು ಕಥೆ. ಕಾಯೋದು ಯಾರಿಗೆ ಬರಲ್ಲ? ನಿಲ್ಲಿಸೋದು ಬರಬೇಕು. ನಾಳೆ ಸಂಜೆ ಐದಕ್ಕೆ ಎಲ್ಲರೂ ಬನ್ನಿ, ಓದಿ ಸಹಿ ಹಾಕಿ."

ಎಲ್ಲರೂ ಹೋದ ಮೇಲೆ ಬೈಂಡರ್ ಸ್ಟೂಲಿನ ಮೇಲೆ ಕುಳಿತ.

ಮೂವತ್ತೆಂಟು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಹೊಸದರಲ್ಲಿ, ಲೈಬ್ರರಿಯ ಇನ್ನೂರು ಪುಸ್ತಕ ಕಟ್ಟುವ ಕೆಲಸ ಅವನಿಗೆ ಸಿಕ್ಕಿತ್ತು. ಸ್ವಂತವಾಗಿ ಹಿಡಿದ ಮೊದಲ ದೊಡ್ಡ ಕೆಲಸ. ಅದರಲ್ಲಿ ಈ ಕಾದಂಬರಿಯೂ ಒಂದು, ಇಪ್ಪತ್ತು ಫಾರಂ ಇತ್ತು. ಹದಿನಾರು ಪುಟದ ಒಂದು ಮಡಿಕೆಗೆ ಬೈಂಡರುಗಳು ಫಾರಂ ಎನ್ನುತ್ತಾರೆ. ಕೊನೆಯ ಫಾರಮ್ಮಿನ ಬೆನ್ನು ಹರಿದಿತ್ತು. ತೆಳು ಕಾಗದ ಅಂಟಿಸಿ, ಒಣಗಲೆಂದು ಕಿಟಕಿಯ ಪಕ್ಕದ ಚಪ್ಪಡಿ ಕಲ್ಲಿನ ಕೆಳಗೆ ಇಟ್ಟ. ಇಟ್ಟವನು ಮರೆತ. ಹತ್ತೊಂಬತ್ತು ಫಾರಂ ಹೊಲಿದು, ಕೊನೆಗೊಂದು ಖಾಲಿ ಹಾಳೆ ಹಚ್ಚಿ, ರಟ್ಟು ಹಾಕಿ ಕಳಿಸಿಬಿಟ್ಟ. ಅಪ್ಪ ಇದ್ದಿದ್ದರೆ ಹೊಲಿಯುವ ಮುಂಚೆ ಫಾರಂ ಎಣಿಸು ಎಂದು ತಲೆಗೆ ಮೊಟಕುತ್ತಿದ್ದರು. ಅಪ್ಪ ಇರಲಿಲ್ಲ.

ಆ ಪ್ರತಿಯನ್ನು ಲೈಬ್ರರಿಯಿಂದ ಮೊದಲು ತಂದವಳು ಅಕ್ಕ. ಆಗ ಅವಳಿಗೆ ಇಪ್ಪತ್ತಾರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿನವರೆಲ್ಲರ ದನಿಯನ್ನೂ ಒಬ್ಬರಿಂದೊಬ್ಬರಿಗೆ ಜೋಡಿಸುತ್ತಿದ್ದವಳಿಗೆ, ತಾನು ಕೇಳಬೇಕಾದ ದನಿ ಮಾತ್ರ ಹನ್ನೊಂದು ತಿಂಗಳಿಂದ ಕೇಳಿರಲಿಲ್ಲ. ಮದುವೆಯ ಮಾತಾಗಿದ್ದ ಸರ್ವೆಯವನು ದೂರದ ಗಣಿಗೆ ಕೆಲಸಕ್ಕೆಂದು ಹೋಗಿದ್ದ. ಮೊದಲು ವಾರಕ್ಕೊಂದು ಕಾಗದ, ಆಮೇಲೆ ತಿಂಗಳಿಗೊಂದು, ಆಮೇಲೆ ಅದೂ ಇಲ್ಲ.

ಒಂದು ಮಂಗಳವಾರ ಬೈಂಡರ್ ಕಲ್ಲು ಸರಿಸಿದಾಗ ಫಾರಂ ಕಂಡಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಅಕ್ಕನಿಗೆ ಹೇಳೋಣ ಎಂದುಕೊಂಡೇ ಬಂದ. ಅಕ್ಕ ಅಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದಳು. "ಬೆಳಿಗ್ಗೆ ಅವರಿಗೆ ಕಾಗದ ಹಾಕಿ ಬಂದೆ ಕಣೋ. ಇನ್ನು ಬರೋದು ಬೇಡ ಅಂತ ಬರೆದೆ. ಆ ಪುಸ್ತಕ ಓದಿದ ಮೇಲೆ ಧೈರ್ಯ ಬಂತು" ಎಂದಳು. ಅವನು ತಟ್ಟೆ ನೋಡುತ್ತ ಕುಳಿತ. ಹೇಳಿದರೆ ಲೈಬ್ರರಿಯವರಿಗೂ ಗೊತ್ತಾಗುತ್ತದೆ, ಮೊದಲ ಕೆಲಸವೇ ಹೀಗೆ ಎಂದರೆ ಮುಂದೆ ಯಾರು ಕೊಡುತ್ತಾರೆ ಎಂಬ ಭಯ ಒಂದು ಕಡೆ. ನೆಮ್ಮದಿಯಾಗಿ ಉಣ್ಣುತ್ತಿರುವವಳನ್ನು ಯಾಕೆ ಕೆಣಕಲಿ ಎಂಬುದು ಇನ್ನೊಂದು ಕಡೆ. ಎರಡನೆಯದು ನೆಪ ಎಂದು ಅವನಿಗೆ ಅಂದೇ ಗೊತ್ತಿತ್ತು.

ನಾಲ್ಕು ತಿಂಗಳ ಮೇಲೆ ಸರ್ವೆಯವನೇ ಬಂದ. ಗಣಿಯಲ್ಲಿ ಕಾಲು ಮುರಿದು ಆಸ್ಪತ್ರೆ ಸೇರಿದ್ದನಂತೆ, ಇನ್ನೂ ಕುಂಟುತ್ತಿದ್ದ. ಗೇಟಿನ ಆಚೆ ಕೈಯಲ್ಲಿ ಚೀಲ ಹಿಡಿದು ನಿಂತ. ಅಕ್ಕ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. "ದೀಪ ಆರಿಸಿ ಆಯ್ತು ಅಂತ ಹೇಳು ಹೋಗು" ಎಂದಳು. ಆ ಮಾತನ್ನು ಗೇಟಿಗೆ ಒಯ್ದು ಹೇಳಿದವನು ಬೈಂಡರನೇ. ಸರ್ವೆಯವನಿಗೆ ಅದು ಅರ್ಥವಾಗಲಿಲ್ಲ. "ಯಾವ ದೀಪ?" ಎಂದು ಕೇಳಿದ. "ಬರಲ್ವಂತೆ" ಎಂದು ಇವನು ಹೇಳಿದ. ಮುಂದೆ ಆತ ಬೇರೆ ಊರಿನಲ್ಲಿ ಮದುವೆಯಾದ, ಮಕ್ಕಳಾದರು, ಎರಡು ವರ್ಷದ ಹಿಂದೆ ತೀರಿಕೊಂಡ. ಅಕ್ಕ ಎಕ್ಸ್‌ಚೇಂಜಿನಲ್ಲೇ ಸೂಪರ್‌ವೈಸರ್ ಆಗಿ ನಿವೃತ್ತಳಾದಳು. ನಗುನಗುತ್ತಲೇ ಬದುಕಿದಳು, ಅದು ಸುಳ್ಳಲ್ಲ. ಆದರೂ ತನ್ನ ಸರದಿಯ ಭಾನುವಾರ ಅವಳು ಎದ್ದು ನಿಂತು ಕೊನೆಯ ಪುಟ ಓದುವಾಗ, ಅವಳ ಮೊಣಕಾಲಿಗೆ ಒಂದು ಮೊಳ ದೂರದ ಖಾನೆಯಲ್ಲಿ ಹದಿನಾರು ಪುಟ ಮಲಗಿರುತ್ತಿತ್ತು. ಮೂವತ್ತೆಂಟು ವರ್ಷ ಬೈಂಡರನಿಗೆ ಅದು ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪವಾಗಿತ್ತು.

ಸಿನಿಮಾ ಮಾಡುತ್ತಾರೆಂಬ ಸುದ್ದಿ ಹಿಂದೆ ಮೂರು ಸಲ ಹುಟ್ಟಿ ಮೂರು ಸಲವೂ ಸತ್ತಿತ್ತು. ಸತ್ತಾಗಲೆಲ್ಲ ಉಳಿದವರು ಪೆಚ್ಚಾದರೆ, ಬೈಂಡರ್ ಒಬ್ಬನೇ ಅವರ ಜೊತೆ ಪೆಚ್ಚುಮೋರೆ ಹಾಕಿಕೊಂಡು ಒಳಗೊಳಗೇ ಉಸಿರು ಬಿಟ್ಟಿದ್ದ. ಈ ಸಲ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಪತ್ರ ಪೇಪರಿನಲ್ಲಿ ಬಂದರೆ, ಮೂಲ ಓದಿದವರೆಲ್ಲ ಅಕ್ಕನ ಹೆಸರು ಹಿಡಿದು ನಗುತ್ತಾರೆ.

ಮರುದಿನ ಅಕ್ಕ ನಾಲ್ಕಕ್ಕೇ ಬಂದಳು. ಪತ್ರವನ್ನು ಎರಡು ಹಾಳೆಯಲ್ಲಿ ದುಂಡಗೆ ಬರೆದು ತಂದಿದ್ದಳು.

"ಓದಲಾ? ಮೊದಲು ನೀನು ಕೇಳು. ಮೇಷ್ಟ್ರು ಬಂದ್ರೆ ಕಾಮಾ ಎಲ್ಲಿ, ಪೂರ್ಣವಿರಾಮ ಎಲ್ಲಿ ಅಂತ ಶುರು ಮಾಡ್ತಾರೆ."

"ಅಕ್ಕಾ, ಆ ಪತ್ರ ಬೇಡ."

"ಯಾಕೋ?"

ಅವನು ಖಾನೆ ಎಳೆದ. ರಟ್ಟಿಗೆ ಹಚ್ಚುವ ಹಳೆಯ ಕ್ಯಾಲಿಕೋ ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿ ಅವಳ ಮುಂದೆ ಇಟ್ಟ. "ಇದು ಅದರದ್ದೇ. ನಾನು ಹೊಲಿಯೋದು ಮರೆತೆ" ಎಂದಷ್ಟೇ ಹೇಳಿದ.

ಅಕ್ಕ ಪುಟದ ಸಂಖ್ಯೆ ನೋಡಿದಳು. ಮುನ್ನೂರ ಐದು. ನಿಂತೇ ಓದಲು ಶುರು ಮಾಡಿದಳು. ಮೊದಲ ಸಾಲನ್ನು ಬಾಯಿಬಿಟ್ಟೇ ಓದಿದಳು, ಭಾನುವಾರ ಓದುವ ಹಾಗೆಯೇ. "ಎರಡು ದಿನ ಅವಳು ಕತ್ತಲಲ್ಲಿ ಕುಳಿತಳು. ಮೂರನೆಯ ದಿನ ಎದ್ದು ಮತ್ತೆ ಹಚ್ಚಿದಳು." ಆಮೇಲೆ ದನಿ ನಿಂತಿತು. ಸ್ಟೂಲು ಎಳೆದುಕೊಂಡು ಕುಳಿತಳು. ಹದಿನಾರು ಪುಟವನ್ನೂ, ಹಡಗು ಬಂದಿಳಿಯುವವರೆಗೂ, ಓದಿದಳು. ಹೊರಗೆ ಯಾರದೋ ಸ್ಕೂಟರು ಹತ್ತು ಸಲ ಒದ್ದರೂ ಹೊರಡಲಿಲ್ಲ. ಬೈಂಡರ್ ಮೇಜಿನ ಮೇಲೆ ಒಣಗಿದ ಅಂಟನ್ನು ಉಗುರಿನಲ್ಲಿ ಕೆರೆಯುತ್ತ ನಿಂತ.

"ಯಾವಾಗಿಂದ ಗೊತ್ತು ನಿಂಗೆ?"

"ನೀನು ಕಾಗದ ಹಾಕಿ ಬಂದ ದಿನ ಸಿಕ್ತು."

"ಅದೇ ದಿನ?"

"ಹೂಂ."

"ಅವರು ಗೇಟಿಗೆ ಬಂದಾಗಲೂ ಗೊತ್ತಿತ್ತು?"

"ಗೊತ್ತಿತ್ತು. ತಪ್ಪಾಯ್ತಕ್ಕಾ. ಲೈಬ್ರರಿಯವರು ಏನಂತಾರೋ ಅಂತ ಮೊದಲು ಹೆದರಿದೆ. ಆಮೇಲೆ ನಿನಗೇ ಹೆದರಿದೆ."

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಮೂರನೇ ದಿನ ಅಂತ ಇದೆ ನೋಡು ಇಲ್ಲಿ" ಎಂದಳು. "ನಾನೂ ಮೂರನೇ ದಿನ ಎದ್ದಿದ್ದೆ ಕಣೋ. ಶುಕ್ರವಾರ. ಮೊದಲು ಹಾಕಿದ ಕಾಗದ ನೀವು ಹರಿದುಹಾಕಿ, ಬಂದುಬಿಡಿ ಅಂತ ಅವರಿಗೆ ಇನ್ನೊಂದು ಬರೆಯೋಕೆ ಕೂತಿದ್ದೆ. ಪೆನ್ನೂ ತೆಗೆದಿದ್ದೆ. ಯಾಕೋ ಇನ್ನೊಂದು ಸಲ ನೋಡೋಣ ಅಂತ ಪುಸ್ತಕ ತೆಗೆದು ಕೊನೇ ಪುಟ ಓದಿದೆ. ಇಂಥ ಹೆಂಗಸೇ ಗಟ್ಟಿ ಮನಸ್ಸು ಮಾಡಿದಾಳೆ, ನಂದೇನು ಅಂತ ಪೆನ್ನು ಮುಚ್ಚಿಟ್ಟೆ."

ಇದು ಬೈಂಡರನಿಗೆ ಗೊತ್ತಿರಲಿಲ್ಲ. ಮಂಗಳವಾರಕ್ಕೂ ಶುಕ್ರವಾರಕ್ಕೂ ನಡುವೆ ಎಷ್ಟು ಊಟ ಒಟ್ಟಿಗೆ ಕುಳಿತು ಉಂಡಿದ್ದರು ಎಂದು ಅವನ ಮನಸ್ಸು ಲೆಕ್ಕ ಹಾಕಹೊರಟಿತು. ಅವನು ಅದನ್ನು ತಡೆದ.

"ನೀನು ಹೇಳಿದ್ರೂ ಬರೀತಿದ್ನೋ ಇಲ್ವೋ, ಯಾರಿಗೆ ಗೊತ್ತು" ಎಂದಳು ಅಕ್ಕ. "ಆದ್ರೆ ಹೇಳಬೇಕಿತ್ತು."

"ಹೂಂ."

ಅವಳು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಸಿನಿಮಾದ ದಿನಕ್ಕೆ ಟೈಲರ್ ಕೆಂಪು ದಾರದ ಒಂದು ಗಂಟು ಅಂಟಿಸಿದ್ದ. ಅದಕ್ಕೆ ಇನ್ನು ಹನ್ನೊಂದು ದಿನ ಇತ್ತು. ಅವಳು ಅದನ್ನೇ ನೋಡುತ್ತ, "ಇದನ್ನ ಹೊಲಿ. ಸಿನಿಮಾಕ್ಕೆ ಹೋಗಿ ಕೂರೋ ಮುಂಚೆ ಮೇಷ್ಟ್ರು, ಟೈಲರ್ ಎಲ್ಲ ಓದಲಿ" ಎಂದಳು.

"ಅವರಿಗೆ ಏನಂತ ಹೇಳ್ತೀಯಾ?"

"ನಾನ್ಯಾಕೆ ಹೇಳಲಿ? ನನ್ನ ಮಾತು ಗೇಟಿಗೆ ಒಯ್ದು ಹೇಳಿದ್ಯಲ್ಲ ಒಂದು ದಿನ. ಇದನ್ನೂ ನೀನೇ ಹೇಳು."

ಬೈಂಡರ್ ಗಾಜಿನ ಬೀರು ತೆಗೆದ. ಪುಸ್ತಕದ ಹಿಂದಿನ ರಟ್ಟನ್ನು ಬಿಚ್ಚಿ, ಖಾಲಿ ಹಾಳೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿದ. ದಾರಕ್ಕೆ ಮೇಣ ಉಜ್ಜಿದ. ಸೂಜಿಗೆ ಪೋಣಿಸಲು ಹೋದ. ಎರಡು ಸಲ ತಪ್ಪಿತು, ಮೂರನೆಯ ಸಲ ದಾರದ ತುದಿ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಅಕ್ಕ ಕನ್ನಡಕ ಹಾಕಿಕೊಂಡು ಸೂಜಿ ಈಸಿಕೊಂಡಳು. ಒಂದೇ ಸಲಕ್ಕೆ ಪೋಣಿಸಿ, ಅವನ ಮುಖ ನೋಡದೆ ವಾಪಸು ಕೊಟ್ಟಳು.

ಅವನು ಹೊಲಿದ. ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸಿ, ಅದೇ ಚಪ್ಪಡಿ ಕಲ್ಲನ್ನು ಎತ್ತಿ ಮೇಲಿಟ್ಟ. ಪುಸ್ತಕದ ಒಂದು ಅಂಚು ಮಾತ್ರ ಕಲ್ಲಿನಿಂದ ಹೊರಗೆ ಕಾಣುತ್ತಿತ್ತು. ನೂರಾರು ಕೈಗಳು ತಿರುವಿದ ಹಾಳೆಗಳು ಚಹಾ ಬಣ್ಣಕ್ಕೆ ತಿರುಗಿದ್ದವು. ಕೊನೆಯಲ್ಲಿ ಬೆರಳಗಲವೂ ಇಲ್ಲದ ಒಂದು ಗೆರೆ ಮಾತ್ರ ಬೆಳ್ಳಗಿತ್ತು.

ಬೀದಿಯಲ್ಲಿ ಮೇಷ್ಟ್ರ ದನಿ ಕೇಳಿಸಿತು, ಹಿಂದೆಯೇ ಟೈಲರನದು. ಅಕ್ಕ ಎದ್ದು ಹೋಗಲಿಲ್ಲ. ಆ ಬಿಳಿ ಗೆರೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಹಾಗೆಯೇ ಕುಳಿತಿದ್ದಳು.