ಕಿಹುಂಬಾ ದಂಡೆಯ ಎರಡನೇ ಪದರ

ರ್ವೆಂಜೋರಿ ಬೆಟ್ಟದ ತಪ್ಪಲಿನ ನಮ್ಮ ಕೊಂಜೊ ಜನ ಮಕ್ಕಳ ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲ ಹೆಣ್ಣು ಮಸಿಕಾ, ಎರಡನೆಯದು ಬೀರಾ, ಮೂರನೆಯದು ಕಬೂಘೊ, ಮುಗಿಯಿತು. ನಮ್ಮ ಮನೆಯಲ್ಲಿ ಅಕ್ಕ ಮಸಿಕಾ, ನಾನು ಕಬೂಘೊ. ಬೀರಾ ಎರಡು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳಂತೆ, ನಾನು ಹುಟ್ಟುವ ಮೊದಲೇ. ಇದನ್ನು ಹೇಳಿದ್ದು ಸೋದರತ್ತೆ. ಅವ್ವ ಆ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ. ಕೇಳಿದರೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ನನಗೂ ಹಟ, ಅವಳ ಬಾಯಿಂದಲೇ ಕೇಳಬೇಕು ಅಂತ. ಹೋದ ವರ್ಷದ ಪ್ರವಾಹ ಬಾಳೆತೋಟದ ಜೊತೆ ಅಲ್ಲಿದ್ದ ಅವಳ ಗೋರಿಯನ್ನೂ ಒಯ್ದ ಮೇಲೆ ಹಟ ಹೋಗಿ ಹೆದರಿಕೆ ಹುಟ್ಟಿತು. ಅವ್ವನೂ ಹೇಳದೆ ಹೋದರೆ ಬೀರಾ ಎಂಬುವಳು ಎಲ್ಲೂ ಇರುವುದಿಲ್ಲ.

ಅದೇ ಪ್ರವಾಹ ಕಿಹುಂಬಾ ಹೊಳೆಯ ದಂಡೆಯನ್ನು ಕೊರೆದು ಮೂರಾಳೆತ್ತರದ ಗೋಡೆಯಂತೆ ನಿಲ್ಲಿಸಿತ್ತು. ಒಂದು ಕಾಲಕ್ಕೆ ರ್ವೆಂಜೋರಿ ಬೆಟ್ಟದ ಹಿಮನದಿಗಳು ಇಲ್ಲಿಯವರೆಗೂ ಇಳಿದು ಸುರಿದುಹೋದ ಜೇಡಿ, ಮರಳು, ಗುಂಡುಗಲ್ಲುಗಳ ಕಲಸುಮೇಲೋಗರ ಅದು. ಭೂಗರ್ಭ ಇಲಾಖೆಯವಳಾದ ನನ್ನ ಕೆಲಸ ಅದಕ್ಕೊಂದು ಹೆಸರು ಕೊಟ್ಟು ಪಟ್ಟಿಗೆ ಸೇರಿಸುವುದು. ಜಾಗದ ಹೆಸರನ್ನೇ ಇಡಬೇಕು. ಕಿಹುಂಬಾ ಶಿಲಾಸ್ತರ ಎಂದಾಯಿತು. ಒಳಗಿನ ಪದರಗಳನ್ನು ಕೆಳಗಿನಿಂದ ಎಣಿಸಬೇಕು, ಮೊದಲು ಬಂದದ್ದು ಮೊದಲು. ಇದನ್ನು ಕಲಿಯಲು ನಾವು ವರ್ಷಗಟ್ಟಲೆ ಓದುತ್ತೇವೆ. ನಮ್ಮ ಸೂಲಗಿತ್ತಿಯರನ್ನು ಕೇಳಿದ್ದರೆ ಅರ್ಧ ದಿನದ ಪಾಠ.

ಅವ್ವ ನಲವತ್ತು ವರ್ಷದಿಂದ ಆ ಹೊಳೆಯಲ್ಲಿ ಮರಳು ಜರಡಿ ಹಿಡಿಯುವವಳು. ಮಧ್ಯಾಹ್ನ ನಾನು ಪದರ ಎಣಿಸುತ್ತಿದ್ದ ದಂಡೆಗೆ ಮರಗೆಣಸಿನ ಮುದ್ದೆ, ಕಾಳಿನ ಸಾರು ತಂದವಳು ನನ್ನ ಪುಸ್ತಕದೊಳಗೆ ಇಣುಕಿದಳು.

"ಏನೇ ಬರ್ದಿದೀಯ?"

"ಕೆಳಗಿಂದು ಒಂದು, ಮೇಲಿಂದು ಎರಡು."

"ನಡುವೆ ಇರೋದು?"

"ಅದು ಪದರ ಅಲ್ಲವ್ವ, ಬರೀ ಕಲ್ಲುಸಾಲು. ಗೇಣು ದಪ್ಪಾನೂ ಇಲ್ಲ."

"ಥೂ, ನಿನ್ನ ಓದಿಗಿಷ್ಟು! ಜರಡಿ ಹಿಡಿದೋಳ ಮಗಳು ನೀನು. ನೀರು ಮಣ್ಣು ಮರಳನ್ನ ಎತ್ಕೊಂಡು ಹೋಗತ್ತೆ, ಭಾರದ ಕಲ್ಲನ್ನ ಬಿಟ್ಟು ಹೋಗತ್ತೆ. ಅಲ್ಲೊಂದು ಪದರ ಇತ್ತು ಕಣೇ. ಕೊಚ್ಕೊಂಡು ಹೋಗಿದೆ."

ಅವಳು ಹೇಳಿದ್ದು ಸರಿಯಿತ್ತು. ನನಗೆ ನಾಚಿಕೆಯಾಯಿತು, ಆದರೂ ಸೋಲೊಪ್ಪಲಿಲ್ಲ.

"ಇಲ್ಲದ್ದನ್ನ ಹೆಂಗವ್ವ ಎಣಿಸೋದು? ಈಗ ಇರೋದು ಎರಡೇ ತಾನೆ?"

ಅವ್ವ ಬುಟ್ಟಿ ಕೆಳಗಿಟ್ಟಳು. "ಹಂಗಾದ್ರೆ ನಿನ್ನ ಹೆಸರು ಬೀರಾ ಆಗ್ಬೇಕಿತ್ತು."

ಆ ಹೆಸರು ಅವಳ ಬಾಯಲ್ಲಿ ಬಂದದ್ದೇ ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಅವ್ವ ಹೊಳೆಯನ್ನೇ ನೋಡುತ್ತ ಹೇಳತೊಡಗಿದಳು. ಬೀರಾ ಜರಡಿಯೊಳಗೆ ಹತ್ತಿ ಕೂತು ಆಡಿಸು ಎಂದು ಹಟ ಹಿಡಿಯುತ್ತಿದ್ದಳಂತೆ, ಬಿದ್ದು ಬಿದ್ದು ನಗುತ್ತಿದ್ದಳಂತೆ. ಎಷ್ಟು ಬೈದರೂ ಎಡಗೈಯಲ್ಲೇ ಉಣ್ಣುತ್ತಿದ್ದಳಂತೆ, ನನ್ನ ಹಾಗೆ.

ನಾನು ಬರೆದದ್ದನ್ನು ಅಳಿಸಿದೆ. ಕಲ್ಲುಸಾಲಿನೆದುರು ಎರಡು ಎಂದು ಬರೆದೆ, ಮೇಲಿನದಕ್ಕೆ ಮೂರು.

"ಇಷ್ಟು ವರ್ಷ ಯಾಕವ್ವ ಅವಳ ಸುದ್ದೀನೇ ಎತ್ತಲಿಲ್ಲ?"

"ಎತ್ತಲಿಲ್ಲ ಅಂತ ಯಾರು ಹೇಳಿದ್ದು? ನೀನು ಹುಟ್ಟಿದಾಗ ನಿಮ್ಮಪ್ಪ, ಪಾಪ, ನನ್ನ ಸಂಕಟ ನೋಡಲಾರದೆ ಅಂದ, ಇವಳನ್ನೇ ಬೀರಾ ಅನ್ನೋಣ, ಹೋದೋಳನ್ನ ಮರೆತುಬಿಡು ಅಂತ. ನಾನು ಒಪ್ಪಲಿಲ್ಲ." ಅವ್ವ ಕೈಯ ಮರಳು ಒರೆಸಿಕೊಂಡು ನನ್ನ ಕೆನ್ನೆ ಮುಟ್ಟಿದಳು. "ದಿನಾ ನಿನ್ನ ಕಬೂಘೊ ಅಂತ ಕೂಗ್ತೀನಲ್ಲೇ. ಅವಳನ್ನ ಎಣಿಸ್ದೆ ಹೆಂಗೆ ಕೂಗಲಿ?"