ಒಲೆ ಕಾಣದ ಮಾತ್ರೆ

ದೇವರ ಎತ್ತುಗಳನ್ನು ಕಾಯುವ ಕಿಲಾರಿ ಓಬಳಪ್ಪ ಹೊಟ್ಟೆ ಉರಿಯನ್ನು ರೋಗ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ವಯಸ್ಸಾದ ಮೇಲೆ ಮಂಡಿ ನೋಯುತ್ತದೆ, ಹೊಟ್ಟೆ ಉರಿಯುತ್ತದೆ, ಸೊಸೆ ಎದುರು ಮಾತಾಡುತ್ತಾಳೆ, ಎಲ್ಲ ಒಂದೇ. ಆದರೆ ಆವತ್ತು ಎತ್ತು ಮೇಯಿಸುವ ಕಾವಲಿನ ಬಯಲಿನಲ್ಲಿ ನೋವು ತಡೆಯಲಾರದೆ ಮುದುರಿ ಬಿದ್ದ. ಮೊಮ್ಮಗಳು ಮಾಲತಿ ಅವನನ್ನು ಸ್ಕೂಟಿಗೆ ಹತ್ತಿಸಿ ಬಿ.ಜಿ. ಕೆರೆಯಿಂದ ಚಳ್ಳಕೆರೆಗೆ ಹಾರಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಅವನು ಹೋರಿಗೆ ಹೇಳುವಂತೆ ಸ್ಕೂಟಿಗೆ "ಹೋ, ಹೋ" ಅನ್ನುತ್ತಲೇ ಇದ್ದ.

ಡಾಕ್ಟರ್ ಜ್ಯೋತಿಲಕ್ಷ್ಮಿ ಸ್ಕ್ಯಾನ್ ಮಾಡಿಸಿದರು. ಬಾಯಿಂದ ಕ್ಯಾಮೆರಾದ ಕೊಳವೆಯನ್ನೂ ಇಳಿಸಿ ನೋಡಿದರು. ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನಲ್ಲಿ ಹಳೇ ಹುಣ್ಣು ಇದೆ, ಅದು ಆಳಕ್ಕೆ ಕೊರೆದು ಪಕ್ಕದ ಪಿತ್ತನಾಳಕ್ಕೆ ತೂತು ಮಾಡಿದೆ, ಇರಬಾರದ ಕಡೆ ದಾರಿಯಾಗಿ ಕರುಳಿನ ಗಾಳಿ ಪಿತ್ತನಾಳಕ್ಕೆ ನುಗ್ಗಿದೆ ಎಂದು ತೆರೆಯ ಮೇಲೆ ತೋರಿಸಿದರು. ಓಬಳಪ್ಪನಿಗೆ ಕಂಡದ್ದು ಮೋಡ ಕವಿದ ಆಕಾಶ. ಆದರೂ ತಲೆಯಾಡಿಸಿದ.

ಏನೇನು ತಿನ್ನುತ್ತೀರಿ ಎಂದಾಗ ಮಾತ್ರ ಅವನ ಎದೆ ಉಬ್ಬಿತು. ಎತ್ತುಗಳು ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಮರಳುವ ತನಕ ಬೇಯಿಸಿದ್ದೊಂದನ್ನೂ ಬಾಯಿಗಿಡಬಾರದು, ಇಟ್ಟರೆ ಕಿಲಾರಿಯ ಬೆತ್ತ ಕೆಳಗಿಡಬೇಕು. ಅದು ಅವರೂರಿನ ಕಟ್ಟಳೆ. ಟೀ ಕೂಡ ಕುಡಿದವನಲ್ಲ ಅವನು.

"ಮಂಡಿ ನೋವಿನ ಮಾತ್ರೆ ನುಂಗ್ತೀಯಲ್ಲ ತಾತ, ಬೆಳಗ್ಗೆ ಬೆಳಗ್ಗೆನೇ?" ಎಂದಳು ಮಾಲತಿ.

"ಅದೇನು ಒಲೆ ಕಂಡೈತಾ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಬರಿಹೊಟ್ಟೆಗೆ ವರ್ಷಗಟ್ಟಲೆ ಆ ಮಾತ್ರೆ ಬಿದ್ದು ಬಿದ್ದೇ ಹುಣ್ಣಾಗಿದೆ, ಇವತ್ತಿಂದ ಅದು ಬಂದ್, ಹುಣ್ಣು ಮಾಯುವ ಔಷಧಿ ಶುರು, ಹೊತ್ತುಹೊತ್ತಿಗೆ ಊಟ, ಸದ್ಯಕ್ಕೆ ಆಪರೇಷನ್ ಬೇಡ ಎಂದರು. ಓಬಳಪ್ಪನ ಮುಖ ಇಳಿದುಹೋಯಿತು.

"ಬೇಕಾದ್ರೆ ಕೊಯ್ದುಬಿಡ್ರಿ ತಾಯಿ. ಊಟ ಒಂದು ಹೇಳಬ್ಯಾಡ್ರಿ."

ಕೊಯ್ದರೂ ಉಣ್ಣಲೇಬೇಕು ಎಂದು ಅವರು ಚೀಟಿ ಬರೆದು ಕೈಗಿಟ್ಟರು.

ಬೆತ್ತ ಅವನಿಗೆ ಅಪ್ಪನ ಕೈಯಿಂದ ಬಂದದ್ದು. ಅದಿಲ್ಲದೆ ಎತ್ತುಗಳ ಮುಂದೆ ಹೋಗಿ ನಿಂತರೆ ಅವು ಗುರುತು ಹಿಡಿಯುತ್ತವೋ ಇಲ್ಲವೋ ಎಂಬುದೇ ಚಿಂತೆ. ವಾಪಸು ಬರುವಾಗ ಸ್ಕೂಟಿಗೆ "ಹೋ" ಅನ್ನುವುದನ್ನೂ ಮರೆತ. ಊರು ಸೇರಿದವನೇ ಕಟ್ಟೆಯ ಮೇಲೆ ಕೂತಿದ್ದ ಯಜಮಾನ ಜಂಪಣ್ಣನ ಮುಂದೆ ಬೆತ್ತ ಇಟ್ಟು, ನಡೆದದ್ದನ್ನೆಲ್ಲ ಹೇಳಿದ. ಓಬಳಪ್ಪನ ಹೆಂಡತಿ ಕ್ಯಾತಮ್ಮ ಕಂಬದ ಪಕ್ಕ ನಿಂತು ಕೇಳಿಸಿಕೊಂಡಳು.

ಜಂಪಣ್ಣ ಬೆತ್ತವನ್ನು ಕೈಗೆತ್ತಿಕೊಂಡು ಸುತ್ತ ನೋಡಿದ. ಮುಂದಿನ ಕಿಲಾರಿ ಯಾರಾಗುತ್ತೀರಿ ಎಂದು ಕೇಳಿದ. ಕಟ್ಟೆಯ ಹುಡುಗರೆಲ್ಲ ಒಟ್ಟಿಗೆ ಮೊಬೈಲಿನೊಳಗೆ ಮುಖ ಹುದುಗಿಸಿದರು. ಒಬ್ಬನಿಗಂತೂ ಆಗಲೇ ಅರ್ಜೆಂಟ್ ಕಾಲ್ ಬಂತು, ರಿಂಗೇ ಆಗದೆ.

"ಬೆಳ್ಳಂಬೆಳಗ್ಗೆ ಎದ್ದು ಬರಿಗಾಲಾಗೆ ಎತ್ತಿನ ಹಿಂದೆ ಹೋಗೋನು ಒಬ್ಬನೂ ಇಲ್ಲ," ಎಂದು ಜಂಪಣ್ಣ ಬೆತ್ತವನ್ನು ಮತ್ತೆ ಓಬಳಪ್ಪನ ತೊಡೆಯ ಮೇಲಿಟ್ಟ. "ನೀನು ಉಣ್ಣಲೇ. ದೇವರಿಗೇನಾರ ಸಿಟ್ಟು ಬಂದ್ರೆ ನನ್ ತಾವ ಕಳ್ಸು. ಆದ್ರೆ ಎತ್ತುಗಳ ಕಣ್ಣಿಗೆ ಬೀಳ್ದಂಗೆ ಉಣ್ಣು."

"ಅಷ್ಟು ದೊಡ್ಡ ಕಾವಲಾಗೆ ಎಲ್ಲಿ ಮರೆಯಾಗ್ತಾನೆ ಈಯಪ್ಪ?" ಎಂದಳು ಕ್ಯಾತಮ್ಮ.

ಮರುದಿನ ಬಿಸಿಲೇರಿದ ಮೇಲೆ ಓಬಳಪ್ಪ ಎತ್ತುಗಳನ್ನು ಮೇಯಲು ಬಿಟ್ಟು, ದೊಡ್ಡ ಬಂಡೆಯ ಹಿಂದೆ ಕಳ್ಳನಂತೆ ಕೂತು ರೊಟ್ಟಿ ಬಿಚ್ಚಿದ. ಮೊದಲ ತುತ್ತು ಗಂಟಲಲ್ಲೇ ನಿಂತಿತು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಕೈ ಚಾಚಿದರೆ, ಬಂಡೆ ಬಳಸಿ ಬಂದ ಮುದಿ ಎತ್ತೊಂದು ಅವನನ್ನು ಮೂಸಿ ನೋಡಿ, ಉಳಿದ ರೊಟ್ಟಿಯನ್ನು ಬಟ್ಟೆ ಸಮೇತ ಎಳೆದುಕೊಂಡಿತು. ಓಬಳಪ್ಪ ಬಟ್ಟೆಯನ್ನಷ್ಟೇ ಬಿಡಿಸಿಕೊಂಡ. ಎಷ್ಟೋ ವರ್ಷದ ಮೇಲೆ ಅವನಿಗೆ ಹಾಡಹಗಲೇ ಇನ್ನೂ ಬೇಕು ಅನ್ನುವಷ್ಟು ಹಸಿವಾಗುತ್ತಿತ್ತು.